ಗುರ್ ಎಂದರೆ ಕಿವಿಗೊಡುವ ದಾದಾಪೀರ್

ಹೂವಿನಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಬೆಳಗು ನೆಲದಿಂದ ಏಳುತ್ತದೆ. ಮೊದಲು ಬೆಳ್ಳಗಾಗುವುದು ಮೊಗ್ಗು, ಆಮೇಲೆ ಆಕಾಶ. ಹಣೆಗೆ ದೀಪ ಕಟ್ಟಿಕೊಂಡ ಹೆಂಗಸರು ಹೂ ಬಿಡಿಸುತ್ತ ಸರಿದಾಡುವಾಗ, ಮನೆಗೆ ಹೋಗಲು ಮರೆತ ಚುಕ್ಕಿಗಳು ಗಿಡದೊಳಗೆ ತಡಕಾಡುತ್ತಿರುವಂತೆ ಕಾಣುತ್ತದೆ. ಈ ಅರೆನಿದ್ದೆಯ ಲೋಕದೊಳಕ್ಕೆ ಎಕ್ಸೆಲ್ ಗಾಡಿಯೊಂದು ಕೆಮ್ಮುತ್ತ ಬರುತ್ತದೆ. ಅದರ ಮೇಲೆ ದಾದಾಪೀರ್. ತೋಟ ತೋಟ ತಿರುಗಿ, ಒದ್ದೆ ಬಟ್ಟೆಯಲ್ಲಿ ಕಟ್ಟಿದ ಮೊಗ್ಗಿನ ಗಂಟುಗಳನ್ನು ಹೇರಿಕೊಂಡು, ಅವು ಕಣ್ಣು ಬಿಡುವುದರೊಳಗೆ ಮೊದಲ ಬಸ್ಸಿಗೆ ಹಾಕುವುದು ಅವರ ಕೆಲಸ.

ಇವತ್ತು ಮಾತ್ರ ಗಂಟುಗಳನ್ನು ಗೆಳೆಯ ಯರ್ರಿಸ್ವಾಮಿಯ ಗಾಡಿಗೆ ಹೇರಿಸಿ ಕಳಿಸಿದ್ದಾರೆ. ತಾವು ಇಟ್ಟಿಗಿ ದಾರಿಯಲ್ಲಿರುವ ವೀರಭದ್ರಯ್ಯನವರ ತೋಟದ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ನಾಯಿಗೆ ಬೆನ್ನು ತೋರಿಸಿ.

ನಾಯಿಯ ಹೆಸರು ಮಂಡಕ್ಕಿ. ಬೆಳ್ಳಗೆ ಉಬ್ಬಿದ ಕೂದಲು, ನಡುನಡುವೆ ಕಂದು ಚುಕ್ಕಿ. ಒಗ್ಗರಣೆ ಹಾಕಿಸಿಕೊಂಡೇ ಹುಟ್ಟಿದೆ. ಚಳಿಗಾಲದಲ್ಲಿ ಅಂಗೈಯಗಲದ ಮರಿಯಾಗಿ ಬಂದದ್ದು ಮನೆಯವರ ಮಡಿಲಲ್ಲೇ ಬೆಳೆದಿದೆ. ನಾಲ್ಕು ದಿನದ ಹಿಂದೆ ಮನೆಯೊಡತಿ ನಾಗಲಿಂಗಮ್ಮ ಅದರ ಕೊರಳ ಹತ್ತಿರ ಅಂಟಿದ್ದ ಮುಳ್ಳು ಬಿಡಿಸಲು ಹೋದಾಗ ಮುಂಗೈಗೇ ಬಾಯಿ ಹಾಕಿತು. ಇವತ್ತು ಸಂಜೆಯೊಳಗೆ ಅದನ್ನು ಹೊಳೆಯಾಚೆ ಬಿಟ್ಟು ಬರುವುದೆಂದು ವೀರಭದ್ರಯ್ಯ ತೀರ್ಮಾನಿಸಿದ್ದಾರೆ. ಗೋಣಿಚೀಲವೂ ಕಟ್ಟೆಯ ಮೇಲೆ ತಯಾರಾಗಿ ಕೂತಿದೆ.

"ಅಕ್ಕಾರ, ಸೂಜಿ ಮಾಡಿಸ್ಕಂಡ್ರಿ?" ದಾದಾಪೀರರ ಮೊದಲ ಪ್ರಶ್ನೆ ಎಲ್ಲ ಮನೆಯಲ್ಲೂ ಇದೇ.

"ಎರಡಾಗ್ಯಾವು, ಇನ್ನೂ ಅದಾವು," ಎನ್ನುತ್ತಾರೆ ನಾಗಲಿಂಗಮ್ಮ.

"ಒಂದೂ ಬಿಡಬ್ಯಾಡ್ರಿ. ಕಚ್ಚಿದ್ದು ಡಾಕ್ಟ್ರು ನೋಡ್ಕಂತಾರ. ಯಾಕ ಕಚ್ತು ಅನ್ನಾದು ನಾವು ನೋಡಾನು. ಇದಕ್ಕ ಸೂಜಿ ಆಗೈತಾ? ನೀರು ಕುಡಿತೈತಾ?"

ಆಗಿದೆ, ಕುಡಿಯುತ್ತದೆ. ಇಲ್ಲವೆಂದಿದ್ದರೆ ದಾದಾಪೀರ್ ಬೇಲಿ ದಾಟುತ್ತಿರಲಿಲ್ಲ. ಹೊರಗಿನಿಂದಲೇ ಡಾಕ್ಟರಿಗೆ ಫೋನು ಮಾಡುತ್ತಿದ್ದರು.

"ಏಕಾಏಕಿ ಹರಿಹಾಯ್ತು ನೋಡು," ಎನ್ನುತ್ತಾರೆ ವೀರಭದ್ರಯ್ಯ. "ಒಂದು ಗುರ್ ಇಲ್ಲ, ಏನಿಲ್ಲ."

"ಮೊದ್ಲೂ ಅಂದಿದ್ದಿಲ್ಲೇನ್ರಿ ಅಯ್ಯಾರ?"

"ಹ್ವಾದ ತಿಂಗಳು ಅಂತಿತ್ತು. ಬಡಿಗಿ ತಗಂಡು ಬಿಡಿಸೀನಿ. ಉಂಡ ಮನಿಗೇ ಗುರ್ ಅಂದ್ರ ಹೆಂಗ?"

ದಾದಾಪೀರ್ ರೊಟ್ಟಿಯ ಚೂರು ಮುರಿದು, ತಿರುಗಿ ನೋಡದೆ, ಬೆನ್ನ ಹಿಂದೆ ನಾಯಿಯ ಕಡೆ ಎಸೆಯುತ್ತಾರೆ. ಆಮೇಲೆ ಮೆಲ್ಲಗೆ, "ಅದು ಹೇಳಾಕ ಬಂದಿತ್ರಿ. ನೀವು ಮಾತು ಬಿಡಿಸಿದ್ರಿ. ಅದರ ಕಡಿ ಉಳಿದದ್ದು ಹಲ್ಲು ಒಂದ."

ಬೊಗಳೆ ಬಿಡುವವರಿಗೆ ಯಾವ ಊರಲ್ಲೂ ಬರವಿಲ್ಲ. ಬೊಗಳಿದ್ದನ್ನು ತಿಳಿಯುವವರು ಕಡಿಮೆ. ಅಪ್ಪನ ಸೈಕಲ್ಲಿನಲ್ಲಿ ಹೂ ಹೊರಲು ಹೊರಟ ಹೊಸದರಲ್ಲಿ ದಾದಾಪೀರ್ ಜೇಬಿನ ತುಂಬ ಕಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಕಲ್ಲು ಬೀಸಿದಷ್ಟೂ ಬೆನ್ನು ಹತ್ತುವ ನಾಯಿಗಳು ಹೆಚ್ಚಾದವು. ಮೀನಖಂಡದಲ್ಲಿ ಆ ಕಾಲದ ಗುರುತು ಇನ್ನೂ ಇದೆ. ಕಲ್ಲು ಬಿಟ್ಟ ಮೇಲೆ ನಾಯಿಗಳೂ ಬಿಟ್ಟವು. ಈಗ ದಿನಕ್ಕೆ ಇಪ್ಪತ್ತು ತೋಟ, ತೋಟಕ್ಕೊಂದೆರಡು ನಾಯಿ. ಹಸಿದ ಬೊಗಳು, ಬೀಗರನ್ನು ಕಂಡ ಬೊಗಳು, ತನ್ನ ದನಿ ತನಗೇ ಚೆಂದವೆನಿಸಿ ಹಾಡುವ ಬೊಗಳು, ಎಲ್ಲವನ್ನೂ ಅವರು ಅಣಕಿಸಿ ತೋರಿಸುತ್ತಾರೆ. ದೂರದ ತೋಟದ ನಾಯಿ ಮೋಸಹೋಗಿ ಉತ್ತರ ಕೊಡುತ್ತದೆ. ಸಾಕಿದ ನಾಯಿ ತಿರುಗಿಬಿದ್ದ ಮನೆಯವರು ಕರೆದರೆ ಹೋಗುತ್ತಾರೆ. ಚಹಾ ಕೊಟ್ಟರೆ ಕುಡಿಯುತ್ತಾರೆ. ಒಮ್ಮೊಮ್ಮೆ ಬಸ್ಸು ತಪ್ಪುತ್ತದೆ, ಅರಳಿದ ಹೂವಿಗೆ ಬೈಗುಳವಷ್ಟೇ ಸಿಗುತ್ತದೆ.

ಹೆಂಡತಿ ಜೈನಾಬ್ ಬೀ ಅವರದು ಬೇರೆಯದೇ ದೂರು. "ಊರ ನಾಯಿ ಗುರ್ ಅಂದ್ರ ತಿಳಿತೈತ್ರಿ ಈ ಮನಶ್ಯಾಗ. ಮನ್ಯಾಗ ನಾನು ಗುರ್ ಅಂದ್ರ ಮಾತ್ರ ಚಾದರ ಹೊದ್ದು ಮಲಗ್ತಾನ."

ಅಂಗಳದಲ್ಲಿ ಮಂಡಕ್ಕಿ ಎದೆಪಟ್ಟಿಗೆ ಸಿಕ್ಕಿಸಿದ ಸರಪಳಿಯುದ್ದಕ್ಕೂ ಬಂದು, ದಾದಾಪೀರರ ಬೆನ್ನ ಹಿಂದೆ ಬಿದ್ದ ರೊಟ್ಟಿ ಮೂಸುತ್ತದೆ. ಕತ್ತು ಬಗ್ಗಿಸುವುದಿಲ್ಲ, ಮುಂಗಾಲು ಮಡಚಿ, ಮೈಯನ್ನೇ ಇಳಿಸಿ ತಿನ್ನುತ್ತದೆ. ಗಾಳಿ ತಿರುಗುತ್ತದೆ. ತೋಟವನ್ನೆಲ್ಲ ತುಂಬಿದ ಮಲ್ಲಿಗೆಯ ಘಮದೊಳಗೆ ಬೇರೊಂದು ವಾಸನೆ, ಕೀವಿನದು, ಎಳೆಯಾಗಿ ಹಾದುಹೋಗುತ್ತದೆ. ದಾದಾಪೀರ್ ಮುಟ್ಟಲು ಹೋಗುವುದಿಲ್ಲ. "ಕೊಳ್ಳಾಗ ಏನೋ ಐತ್ರಿ," ಎಂದಷ್ಟೇ ಹೇಳಿ ದನದ ಡಾಕ್ಟರಿಗೆ ಫೋನು ಮಾಡುತ್ತಾರೆ.

ಬಿಸಿಲೇರುವ ಮುಂಚೆ ಬಂದ ಡಾಕ್ಟರು ಮಂಡಕ್ಕಿಗೆ ಮಂಪರು ಬರಿಸಿ, ಕೊರಳ ಕೂದಲು ಬೋಳಿಸುತ್ತಾರೆ. ಚರ್ಮದೊಳಗೆ ಸುತ್ತಲೂ ಹೂತುಹೋದ ಒಂದು ಎಳೆ. ಕತ್ತರಿಸಿ ಹೊರತೆಗೆದರೆ, ಹೂ ಕಟ್ಟುವ ನೈಲಾನ್ ದಾರ.

ನಾಗಲಿಂಗಮ್ಮ ಅಲ್ಲೇ ಕುಸಿದು ಕೂರುತ್ತಾರೆ. "ಮನಿಗೆ ಬಂದ ದಿನ ನಾನಾ ಕಟ್ಟಿದ್ನೆಪ್ಪ. ಹೂವು ಸಿಗಲಾರದ ಚಳಿಗಾಲ, ದೇವರಿಗೆ ಇಟ್ಟಿದ್ದ ಮಾಲಿ ತಗಂಡು ಇದರ ಕೊಳ್ಳಿಗೆ ಹಾಕಿದ್ದೆ." ಹೂ ಬಾಡಿ ಉದುರಿದೆ. ದಾರ ಕೂದಲೊಳಗೆ ಉಳಿದಿದೆ. ಮರಿ ಬೆಳೆದಿದೆ, ದಾರ ಬೆಳೆದಿಲ್ಲ. ಬಾಳೆನಾರಾಗಿದ್ದರೆ ಕೊಳೆತು ಕಳಚಿಕೊಳ್ಳುತ್ತಿತ್ತು.

"ಆ ಕೈಲೆ ಕಣ್ಣು ಒರೆಸ್ಕಬ್ಯಾಡ್ರಿ ಅಕ್ಕಾರ, ಗಾಯ ಹಸಿ ಐತಿ," ಎನ್ನುತ್ತಾರೆ ದಾದಾಪೀರ್.

ವೀರಭದ್ರಯ್ಯ ಕಟ್ಟೆಯ ಮೇಲಿನ ಗೋಣಿಚೀಲ ಮಡಚಿ, ನಿದ್ದೆಹೋದ ಮಂಡಕ್ಕಿಯ ತಲೆಯಡಿ ಇಡುತ್ತಾರೆ. ಆದರೂ ಒಂದು ಅಳುಕು ಉಳಿಯುತ್ತದೆ: ಒಮ್ಮೆ ಬಾಯಿ ಹಾಕಿದ್ದನ್ನು ನಂಬುವುದು ಹೇಗೆ? ದಾದಾಪೀರರ ಅಳುಕು ಇನ್ನೊಂದು. ಗಾಯ ಮಾಗಬಹುದು, ಬಡಿಗೆಗೆ ಹೆದರಿ ಬಿಟ್ಟ ದನಿ ಮರಳುತ್ತದೆಯೆ? ಮರಳದಿದ್ದರೆ ಮುಂದಿನ ಸಲವೂ ಹಲ್ಲೇ ಮೊದಲು. "ಗುರ್ ಅಂದ್ರ ಒಂದು ಹೆಜ್ಜಿ ಹಿಂದಕ ಬರ್ರಿ. ಅಷ್ಟು ಮಾಡ್ರಿ ಸಾಕು," ಎಂದು ಹೇಳಿ ಹೋಗುತ್ತಾರೆ.

ಆಮೇಲೆ ಪ್ರತಿ ನಸುಕಿನಲ್ಲೂ ಹೂವಿನ ಗಂಟಿಗೆಂದು ಬಂದಾಗ ಕೇಳುತ್ತಾರೆ, "ಗುರ್ ಅಂತೇನ್ರಿ?" "ಇಲ್ಲಪ್ಪ." ಕೊರಳು ಒಣಗುತ್ತದೆ, ಬೋಳಾದಲ್ಲಿ ಬಿಳಿ ತುಪ್ಪಳ ಚಿಗುರುತ್ತದೆ. ಮಂಡಕ್ಕಿ ಮಾತ್ರ ಮೌನ.

ಒಂದು ಬೆಳಗು, ಮೊಗ್ಗುಗಳಿನ್ನೂ ಕನಸಿನಲ್ಲಿರುವಾಗ, ವೀರಭದ್ರಯ್ಯ ಮರೆತು ಅದರ ಕೊರಳ ಕಡೆ ಕೈ ಚಾಚುತ್ತಾರೆ. ತಗ್ಗಿನ, ತುಕ್ಕು ಹಿಡಿದಂಥ ದನಿಯೊಂದು ಅಂಗಳದಲ್ಲಿ ಉರುಳುತ್ತದೆ. ವೀರಭದ್ರಯ್ಯನವರ ಕೈ ಗಾಳಿಯಲ್ಲೇ ನಿಲ್ಲುತ್ತದೆ. ನಿಧಾನವಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ದನಿ ನಿಲ್ಲುತ್ತದೆ. ಮಂಡಕ್ಕಿ ಆಕಳಿಸಿ, ಮೈ ಕೊಡವಿ, ಅವರ ಪಾದದ ಪಕ್ಕ ಬಂದು ಮಲಗುತ್ತದೆ.

ಗಾಡಿಯ ಹತ್ತಿರ ನಿಂತಿದ್ದ ದಾದಾಪೀರ್ ಹೂವಿನ ಗಂಟನ್ನು ಎದೆಗೊತ್ತಿಕೊಂಡು ನಗುತ್ತಾರೆ.

"ಇನ್ನ ಹೊಳಿಯಾಚಿ ಮಾತು ಬಿಡ್ರಿ ಅಯ್ಯಾರ. ಅದು ಹೇಳಾಕ ಕಲ್ತೈತಿ, ನೀವು ಕೇಳಾಕ ಕಲ್ತೀರಿ."