ಬಸ್ಸು ದಾಟಿದ ಹೊತ್ತು

ಲಿಂಗಸುಗೂರಿಗೆ ಹೋಗಿಬಂದ ಸಂಗತಿಯನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಕಣ್ಣಿನ ಆಪರೇಷನ್ ಆಗಲಿ, ನಾಟಿ ಮುಗಿಯಲಿ ಎಂದು ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಿತ್ತು.

ನಾನು ಹೊರಟದ್ದು ಅಮರಪ್ಪನನ್ನು ಕಂಡು ಕ್ಷಮೆ ಕೇಳಲು. ಗೊರೇಬಾಳದಲ್ಲಿ ನಮ್ಮಿಬ್ಬರ ಗದ್ದೆಗಳು ಒಂದೇ ಕಿರುಗಾಲುವೆಯ ಮೇಲಿದ್ದವು. ನನ್ನದು ಮೇಲೆ, ಅವನದು ಕೆಳಗೆ. ರಾತ್ರಿಯ ನೀರಿನ ಪಾಳಿ ನನ್ನದು. ಬೆಳಗಿನ ಬಸ್ಸು ಕಾಲುವೆ ಸೇತುವೆ ದಾಟಿದೊಡನೆ ಅವನ ಪಾಳಿ ಶುರು. ಆಗ ಊರಲ್ಲಿ ಗಡಿಯಾರ ಇದ್ದವರು ಕಡಿಮೆ, ಹಾಗಾಗಿ ಬಸ್ಸಿನ ಮೇಲೆಯೇ ಮಾತು ಆಗಿತ್ತು.

ಒಂದು ದಿನ ಬಸ್ಸು ಅರ್ಧ ತಾಸು ಮೊದಲೇ ಬಂತು. ಅಮರಪ್ಪ ಜ್ವರದಲ್ಲಿ ಮಲಗಿದ್ದ. ಅವನ ಹೆಂಡತಿ ಬಂದು ತೂಬಿನ ಹಲಗೆ ಎತ್ತಿದಳು. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಗಡಿಯಾರ ನನ್ನ ಕೈಯಲ್ಲಿತ್ತು. ಅದರಲ್ಲಿ ಇನ್ನೂ ಆರೂವರೆ. ನೀರು ಕದ್ದರೆಂದು ಪಂಚಾಯ್ತಿ ಸೇರಿಸಿದೆ. "ಬಸ್ಸು ದಾಟಿದ ಮ್ಯಾಲ ಎತ್ತೀನ್ರೀ" ಎಂದಳು ಆಕೆ. "ಹೆಂಗಸಿಗೇನು ಗೊತ್ತಾಗ್ತದ ಟೈಮು?" ಎಂದು ನಾನು ಮುಂಗೈ ಎತ್ತಿ ತೋರಿಸಿದೆ. ಹಿರಿಯರು ನಕ್ಕರು. ಆಕೆ ನನ್ನನ್ನೇ ನೋಡಿ ಕೇಳಿದಳು: "ನಿನ್ನ ಗಡಿಯಾರಕ್ಕ ಟೈಮು ಯಾರು ಹೇಳ್ಯಾರ?"

ಇನ್ನಷ್ಟು ನಕ್ಕರು. ಆದರೆ ಆ ಗಡಿಯಾರವನ್ನು ನಾನು ಹೊಂದಿಸುತ್ತಿದ್ದದ್ದೂ ಅದೇ ಬಸ್ಸು ನೋಡಿ. ಬಸ್ಸು ಬಂತೆಂದರೆ ಏಳು ಎಂದು ಮುಳ್ಳು ತಿರುಗಿಸುತ್ತಿದ್ದೆ. ಬಸ್ಸಿನ ವೇಳೆ ಬದಲಾಗಿದೆ ಎಂಬುದನ್ನೂ ಹಿಂದಿನ ಸಂಜೆ ಚಹದಂಗಡಿಯಲ್ಲಿ ಕಂಡಕ್ಟರನ ಬಾಯಿಂದಲೇ ಕೇಳಿದ್ದೆ. ಎರಡನ್ನೂ ಹೇಳಲಿಲ್ಲ. ಅವರ ಪಾಳಿ ಎಲ್ಲರ ಕೊನೆಗೆ ಹೋಯಿತು. ಮನೆಗೆ ನೀರುಗಳ್ಳರೆಂಬ ಹೆಸರು ಬಂತು. ಮರುವರ್ಷ ಅವರು ಗದ್ದೆ ಬಿಟ್ಟು ಲಿಂಗಸುಗೂರಿನ ಬೇಳೆ ಮಿಲ್ಲಿನ ಕೆಲಸಕ್ಕೆ ಹೋದರು.

ಈ ಬೇಸಿಗೆಯಲ್ಲಿ ಗೊರೇಬಾಳದಿಂದ ಆಟೋದಲ್ಲಿ ಸಿಂಧನೂರಿಗೆ ಬಂದು ಲಿಂಗಸುಗೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಲಿಂಗಸುಗೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಡಂ ಕೂತಿದ್ದರು. ನಾನು ದುಡ್ಡು ಕೊಟ್ಟು ಟಿಕೆಟ್ ತೆಗೆಸುವಾಗ ಅವರು ಆಧಾರ್ ಕಾರ್ಡ್ ತೋರಿಸಿ, "ನಮಗ ಫ್ರೀ ಐತ್ರೀ ಅಜ್ಜಾರ, ಹೊಟ್ಟಿಕಿಚ್ಚು ಪಡಬ್ಯಾಡ್ರಿ" ಎಂದು ನಕ್ಕರು. ಕಾಲುವೆಯ ಹಸಿರು ಹಿಂದೆ ಸರಿದು, ಜೋಳ ಕೊಯ್ದ ಕರಿ ಹೊಲಗಳು ಬಂದವು. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು.

ಮಸ್ಕಿ ಮೂವತ್ತು ಕಿಲೋಮೀಟರ್ ಆಸುಪಾಸು. ಸಂತೆಕಲ್ಲೂರಿಗೆ ಹೋಗುವವರು ಅಲ್ಲಿ ಇಳಿದು ಆಟೋಗಳತ್ತ ಓಡಿದರು. ನಾನು ಮಿರ್ಚಿ ತಿನ್ನುತ್ತ ಕೂತಿದ್ದಾಗ ನಮ್ಮ ಬಸ್ಸು ಥಟ್ಟನೆ ಮುಂದೆ ಹೋದಂತಾಗಿ ಎದುರಿನ ಕಂಬಿ ಹಿಡಿದುಕೊಂಡೆ.

"ನಾವು ಹೊಂಟಿಲ್ರೀ," ಎಂದರು ಮೇಡಂ. "ಬಾಜೂ ಬಸ್ಸು ಹಿಂದ ಸರಿಯಾಕತ್ತೇದ. ಕಿಟಕ್ಯಾಗ ಬರೇ ಬಸ್ಸು ಕಂಡ್ರ ಯಾವುದು ಹೊಂಟೇದಂತ ತಿಳಿಯಂಗಿಲ್ಲ. ನೆಲಾ ನೋಡಿದ್ರ, ನೆಲದ ಲೆಕ್ಕದಾಗ ಹೇಳಬಹುದು."

"ಹೊತ್ತಿಗೂ ಹಂಗ ಐತೇನವ್ವಾ?"

"ಹೊತ್ತಿಗೂ ಹಂಗ. ಎಷ್ಟು ದೂರ ಅಂದ್ರ ಎಲ್ಲಿಂದ ಅನ್ನಬೇಕು. ಎಷ್ಟು ಹೊತ್ತು ಅಂದ್ರ ಯಾವ ಗಡಿಯಾರದ ಮ್ಯಾಲ ಅನ್ನಬೇಕು. ಅದಿಲ್ಲಂದ್ರ ಬರೇ ಅಂಕಿ, ಅರ್ಥ ಇಲ್ಲ."

"ಇಬ್ಬರ ಲೆಕ್ಕ ಬ್ಯಾರೆ ಬಂದ್ರ ಸುಳ್ಳು ಯಾರದು?"

"ಇಬ್ರದೂ ಖರೇನ ಇರಬಹುದು. ಯಾವುದರ ಮ್ಯಾಲ ಅಳೀಬೇಕಂತ ಮೊದಲ ಮಾತಾಗಿದ್ರ, ಅದನ್ನ ಮುಚ್ಚಿಟ್ಟಾವ ಸುಳ್ಳ."

ಲಿಂಗಸುಗೂರಿನಲ್ಲಿ ಇಳಿದು ಬೇಳೆ ಮಿಲ್ಲಿನ ದಾರಿ ಕೇಳಿಕೊಂಡು ನಡೆದೆ.

ಬೇಳೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಅಮರಪ್ಪ ಹೊರಸಿನ ಮೇಲೆ ಕೂತಿದ್ದ. ಗುರುತು ಹಿಡಿದು, "ಇನ್ನೂ ಬದುಕಿಯೇನಲೇ!" ಎಂದ. ನಾನು ಕೈಮುಗಿದು ಎಲ್ಲವನ್ನೂ ಹೇಳಿದೆ: ಚಹದಂಗಡಿಯಲ್ಲಿ ಕೇಳಿದ್ದು, ಗಡಿಯಾರ ಹೊಂದಿಸಿದ್ದು, ಪಂಚಾಯ್ತಿಯಲ್ಲಿ ಸುಮ್ಮನಿದ್ದದ್ದು. ತಪ್ಪಾಯ್ತು ಎಂದೆ.

ಅಮರಪ್ಪ ನನ್ನ ಕೈ ಹಿಡಿದು ಇಳಿಸಿದ. "ನನಗ್ಯಾಕ ಕೈಮುಗೀತೀಯಲೇ? ನಾ ಜ್ವರ ಬಂದು ಮಲಗಿದ್ದೆ. ಹಲಗಿ ಎತ್ತಿದಾಕಿ, ಬೈಸಿಕೊಂಡಾಕಿ ಅಲ್ಲಿ ನಿಂತಾಳ ನೋಡು" ಎಂದ.

ಆಕೆ ಚಹದ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು. ತಲೆ ಪೂರಾ ಬೆಳ್ಳಗಾಗಿತ್ತು, ನೋಟ ಮಾತ್ರ ಪಂಚಾಯ್ತಿಯ ದಿನದ್ದೇ. ಲೋಟ ನನ್ನ ಮುಂದಿಟ್ಟು ನಿಂತಳು. ಹೋಗಲಿಲ್ಲ, ಕಾದಳು. ಗಂಡಸಿನ ಮುಂದೆ ಸಲೀಸಾಗಿ ಬಾಗಿದ ಬೆನ್ನು ಆಕೆಯ ಮುಂದೆ ಬಾಗಲಿಲ್ಲ.

"ಚಾ ಆರ್ತದ, ಕುಡೀರಿ" ಎಂದಳು.

ಕುಡಿದೆ. "ಸಕ್ಕರಿ ಬರಾಬರ್ ಆಗೇದ" ಎಂದೆ. ಅದೊಂದೇ ಮಾತು ನನ್ನ ಬಾಯಿಂದ ಬಂದದ್ದು. ಆಕೆ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಸಂಜೆಯ ಬಸ್ಸಿಗೆ ಹಿಂತಿರುಗಿದೆ. ಗೊರೇಬಾಳದಲ್ಲಿ ಕೇಳಿದವರಿಗೆಲ್ಲ ಅಮರಪ್ಪನ ಕ್ಷಮೆ ಕೇಳಿ ಬಂದೆ ಎಂದೆ, ಒಳ್ಳೇದಾಯ್ತು ಎಂದರು. ಅಳೆಯುವಾಗ ಅಂದೂ ಇಂದೂ ನಾನು ಗಂಡಸರ ಕಡೆಯಿಂದಲೇ ಅಳೆದೆ. ಇದನ್ನು ಓದುವವರು ನನ್ನನ್ನು ಹೊಗಳುವ ಮೊದಲು ತಿಳಿದಿರಲಿ: ಅಂದು ಹೊತ್ತನ್ನು ಸರಿಯಾಗಿ ಹೇಳಿ ಸುಳ್ಳಿ ಎನಿಸಿಕೊಂಡವಳು, ಎದುರಿಗೆ ನಿಂತು ಕಾದರೂ ನಾನು ಯಾರ ಕ್ಷಮೆ ಕೇಳದೆ ಬಂದೆನೋ ಅವಳು, ಅಂಬಮ್ಮ.