ವಿಭೂತಿಯ ನಡುವಿನ ಮುಲಾಮು

ಇಂದು ಬೆಳಿಗ್ಗೆ ಸೊಂಟಕ್ಕೆ ಹಚ್ಚಿಕೊಳ್ಳಲೆಂದು ಮುಲಾಮಿನ ಡಬ್ಬಿ ತೆಗೆದೆ ನೋಡಿ, ಕರ್ಪೂರದ ಘಾಟಿಗೆ ಶ್ರೀರಾಂಪುರದ ದೊಡ್ಡಪ್ಪ ನೆನಪಾದರು. ಮುಲಾಮು ಚರ್ಮದೊಳಗೆ ಇಳಿದು ಕೆಲಸ ಮಾಡುತ್ತದೆ ಎನ್ನುತ್ತಾರೆ. ದೊಡ್ಡಪ್ಪನ ಮುಲಾಮಿಗೆ ಅವರ ಚರ್ಮ ಸಿಗುವುದಕ್ಕೇ ಹದಿನೈದು ದಿನ ಹಿಡಿಯಿತು.

ನನ್ನ ಹರೆಯದಲ್ಲಿ ಒಂದು ವರ್ಷ ಅವರ ಎಡಭುಜ ಹಿಡಿದುಕೊಂಡಿತ್ತು. ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ಗುಟುಕು ನೀರೂ ಮುಟ್ಟದ ಮನುಷ್ಯ. ಅಂಗೈ ಎದೆಮಟ್ಟಕ್ಕೆ ಏರುವಷ್ಟರಲ್ಲಿ ನೋವು. ಇಳಿಸುವುದು, ಸುಧಾರಿಸಿಕೊಳ್ಳುವುದು, ಮತ್ತೆ ಎತ್ತುವುದು. ಪೂಜೆ ಮುಗಿಯುವಾಗ ಹೊತ್ತು ನೆತ್ತಿ ದಾಟಿರುತ್ತಿತ್ತು. ಅವರು ಉಣ್ಣದೆ ದೊಡ್ಡಮ್ಮ ಉಣ್ಣುವಂತಿರಲಿಲ್ಲ. ಅವರ ಹೊಲ ನೋಡಿಕೊಂಡು ಅಲ್ಲೇ ಇದ್ದ ನನಗೆ ಮಾತ್ರ ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ ಸಿಗುತ್ತಿತ್ತು. ಮಿಕ್ಕದ್ದು ನಾನು ಗಮನಿಸಿದವನಲ್ಲ.

ಹೊಸದುರ್ಗದ ಡಾಕ್ಟರು ಕೊಟ್ಟ ಮುಲಾಮು ಅರ್ಧ ಖಾಲಿಯಾದರೂ ಗುಣ ಕಾಣಲಿಲ್ಲ. ಮೂವರೂ ಮತ್ತೆ ಗಾಡಿ ಕಟ್ಟಿಕೊಂಡು ಹೋದೆವು. ಡಾಕ್ಟರು ಭುಜವನ್ನು ಉಗುರಿನಿಂದ ಕೆರೆದು, ಬೆರಳಿಗೆ ಬಂದ ಜಿಡ್ಡು ಬೂದಿಯನ್ನು ದಿಟ್ಟಿಸಿದರು.

"ವಿಭೂತಿ ಮೇಲೆ ಹಚ್ಚಿದ್ದೀರಾ ಯಜಮಾನರೆ? ಔಷಧಿಯನ್ನೆಲ್ಲ ಅದೇ ಕುಡಿದಿದೆ. ಸ್ನಾನವಾದ ಮೇಲೆ ಬರೀ ಮೈಗೆ ಹಚ್ಚಿ."

"ಸ್ನಾನ ಆದ್ಮೇಲೆ ಈಬೂತಿ ಇಲ್ದೆ ಇರಾಕಾಗತ್ತೇನ್ರಿ?" ಎಂದರು ದೊಡ್ಡಪ್ಪ.

"ಮಲಗುವಾಗ?"

"ಮಲಗಿದಾಗ ಜೀವ ಹೋದ್ರೆ ಬರೀ ಮೈಯಾಗೆ ಹೋಗ್ಲೇನ್ರಿ?"

ಬಾಗಿಲ ಬಳಿ ನಿಂತಿದ್ದ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಬಾಯಿ ತೆರೆದರು.

"ಅಲ್ರೀ, ಈಬೂತಿ ಮೂರು ಗೆರೆ ತಾನೆ? ನಡುವೆ ಎರಡು ಗೆರೆ ಜಾಗ ಐತಲ್ರಿ. ಅಲ್ಲಿ ನಾನು ಮುಲಾಮು ಎಳೀತೀನಿ."

ದೊಡ್ಡಪ್ಪ ಭುಜದ ಮೇಲೆ ಬೆರಳಿಟ್ಟು ಗೆರೆಗಳ ನಡುವಿನ ಜಾಗ ಅಳೆದರು.

"ನಿನ್ನ ಗೆರೆ ನನ್ನ ಗೆರೆ ಮುಟ್ಟಬಾರದು ನೋಡು."

"ಚೆನ್ನಾಗಿ ಒತ್ತಿ ಎಳೆಯಿರಿ ತಾಯಿ," ಎಂದು ಡಾಕ್ಟರು ಹೊಸ ಡಬ್ಬಿ ಕೊಟ್ಟರು.

ರಂಗೋಲಿ ಎಳೆದ ಬೆರಳು, ತಪ್ಪುವುದುಂಟೆ? ಬಿಳಿ, ಹಳದಿ, ಬಿಳಿ, ಹಳದಿ, ಬಿಳಿ. ದೊಡ್ಡಪ್ಪ ಅಂಗಿ ತೊಡದೆ ಜಗಲಿಯಲ್ಲಿ ಕುಂತರೆ ದಾರಿಹೋಕರು ಇದು ಯಾವ ಮಠದ ಪದ್ಧತಿ ಎಂದು ನನ್ನನ್ನು ಕೇಳುತ್ತಿದ್ದರು. ಕೆಲವು ವಾರಗಳಾದ ಮೇಲೆ ಒಂದು ದಿನ ಅಂಗೈ ಎಲ್ಲಿಯೂ ನಿಲ್ಲದೆ ಎದೆಮಟ್ಟಕ್ಕೆ ಏರಿತು. ಅಂದು ದೊಡ್ಡಮ್ಮ ಆವಿಯಾಡುವ ಮುದ್ದೆ ಮುರಿದು ಉಂಡರು.

ಗಂಡನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡಿದ್ದೆ ಆಗ. ಅಕ್ಕರೆಯೂ ಇತ್ತೇನೋ. ಆದರೆ ಆಕೆಗೆ ದಿನವೂ ಹಸಿವಾಗುತ್ತಿತ್ತು ಎಂಬುದು ನನಗೆ ಹೊಳೆದದ್ದು ಇಂದು, ಸೊಂಟ ತಿಕ್ಕುತ್ತ ಕುಂತಾಗ. ನನ್ನ ಪೂಜೆಯೂ ಇನ್ನೂ ಆಗಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, "ನಂದು ತಡ ಆಗತ್ತೆ, ನೀನು ಉಂಡ್ಬಿಡು," ಎಂದು ಹೆಂಡತಿಗೆ ಹೇಳಿದೆ.

"ನಾನು ಉಂಡು ಎಷ್ಟೊತ್ತಾತು," ಎಂದಳು ಅವಳು, ತಿರುಗಿಯೂ ನೋಡದೆ. "ನಿಮ್ದು ಮುಚ್ಚಿಟ್ಟೀನಿ."