ಕುಣಿಯ ಅಂಚು

ಮೊನ್ನೆ ಮನೆಯ ನೆಲಕ್ಕೆ ತಾಂಡೂರು ಕಲ್ಲು ಕೊಯ್ಯಿಸುತ್ತಿದ್ದೆ. ಗರಗಸದಿಂದ ಎದ್ದ ಕಲ್ಲುಪುಡಿಯ ಬಿಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಮ್ಮ ವಿಜ್ಞಾನದ ಮಾಸ್ತರು ನೆನಪಾದರು...

ಎಪ್ಪತ್ತರ ದಶಕ. ತಾಂಡೂರಿನ ನಮ್ಮ ಶಾಲೆಯ ಹಿಂದೆಯೇ ಕಲ್ಲಿನ ಖಣಿಯಿತ್ತು. ಅವ್ವ ಅಲ್ಲಿ ಬುಟ್ಟಿ ಹೊರುತ್ತಿದ್ದಳು. ಮಾಸ್ತರು ಗಾಜಿನ ಬರಣಿಯಲ್ಲಿ ಹುಡಿಮಣ್ಣು ತುಂಬಿ ಗುಬ್ಬಿಹುಳ ಸಾಕಿದ್ದರು. ಆಲಿಕೆಯಂಥ ಕುಣಿ ತೋಡಿ, ತಳದಲ್ಲಿ ಹುದುಗಿ, ಜಾರಿ ಬಿದ್ದ ಇರುವೆಯನ್ನು ಹಿಡಿಯುವ ಹುಳ ಅದು. ಭೂತಗನ್ನಡಿಯಲ್ಲಿ ಅದರ ದವಡೆ ಕುಡುಗೋಲಿನಂತೆ ಕಾಣುತ್ತಿತ್ತು.

"ದವಡಿ ಒಳಗ ಪೊಳ್ಳ ಅದ, ನೋಡ್ರಿ. ಕಚ್ಚಿ ವಿಷ ಬಿಡ್ತದ, ಅದರಾಗಿಂದನೇ ರಸ ಹೀರ್ತದ. ಹೊಟ್ಟಿ ಹಿಂದ ಮುಚ್ಚೇದ. ರೆಕ್ಕಿ ಬರೋತನಕ ಹೊರಗ ಏನೂ ಬಿಡಂಗಿಲ್ಲ."

ನಾವು ನಕ್ಕೆವು. ದೀಪಕ್ಕೆ ಬರುವ, ಬಲೆಯಂಥ ರೆಕ್ಕೆಯ ಹಸಿರು ಕೀಟವೂ ಇದರ ಬಳಗವೇ, ಅದರ ಮರಿಗೂ ಇಂಥದೇ ದವಡೆ ಎಂದರು. ಭೂಮಿಯ ಮೇಲೆ ಮೊದಲ ಹೂವು ಅರಳುವುದಕ್ಕೆ ಎಷ್ಟೋ ಮುಂಚೆ ಈ ಕುಲ ಹುಟ್ಟಿತ್ತಂತೆ.

ಆಗಲೇ ಒಂದು ಇರುವೆ ಕುಣಿಯ ಅಂಚಿಗೆ ಕಾಲಿಟ್ಟಿತು. ಇಡೀ ಬದಿ ಜಾರಿತು. ಮಾಸ್ತರು ತಲೆಯೆತ್ತಿ ಕಿಟಕಿಯಾಚೆ ನೋಡಿದರು. ಖಣಿಯ ಅಂಚಿನಲ್ಲಿ ಕಲ್ಲುಪುಡಿಯ ದಿಬ್ಬ ಅಷ್ಟೇ ಕಡಿದಾಗಿ ನಿಂತಿತ್ತು. ಬುಡದಲ್ಲಿ ಹೆಂಗಸರಿದ್ದರು. ಪಾಠ ಅಲ್ಲಿಗೇ ನಿಂತಿತು.

ಆ ದಿಬ್ಬ ಸರಿಸಬೇಕೆಂದು ಮಾಸ್ತರು ಖಣಿಗೆ ಹೋಗಿ ಹೇಳಿದರೆ, ಅಲ್ಲಿನ ಗುತ್ತೇದಾರ ನಕ್ಕ. ಸಂಜೆ ಮಾಸ್ತರು ನಮ್ಮ ಮನೆಗೆ ಬಂದರು. "ಅವ್ವಾ, ಆ ದಿಬ್ಬದ ಬುಡಕ್ಕ ಹೋಗಬ್ಯಾಡ್ರಿ. ಅದು ನಿಂದ್ರಂಗಿಲ್ಲ."

ಅವ್ವನ ಜೊತೆ ಖಣಿಗೆ ಹೋಗುತ್ತಿದ್ದ ಪಕ್ಕದ ಮನೆಯ ಕಾಕಿಯೂ ಅಲ್ಲೇ ಕೂತಿದ್ದಳು. "ದೀಪ ಹಚ್ಚೋ ಹೊತ್ತಿನಾಗ ಇಂಥಾ ಮಾತು ಯಾಕ್ರಿ ಮಾಸ್ತರ್?" ಎಂದು ಎದ್ದು ಹೋದಳು.

ಮರುದಿನವೇ ಅವ್ವ ಖಣಿಯ ಆಚೆ ಬದಿಗೆ ಕೆಲಸ ಕೇಳಿ ಪಡೆದಳು. ಕಾಕಿ ದಿಬ್ಬದ ಬುಡದಲ್ಲೇ ಉಳಿದಳು. ಗಾಳಿಯಿಲ್ಲದಾಗಲೂ ದಿಬ್ಬದಿಂದ ಪುಡಿ ಸಣ್ಣಗೆ ಸುರಿಯುತ್ತಿತ್ತು... ಮಾಸ್ತರು ಪಾಠದ ನಡುವೆ ಮಾತು ನಿಲ್ಲಿಸಿ ಅದನ್ನೇ ಆಲಿಸುತ್ತಿದ್ದರು.

ಮೊದಲ ಮಳೆಗೆ ದಿಬ್ಬ ಕುಸಿಯಿತು. ಕಾಕಿ ಅದರ ಕೆಳಗೆ ಹೂತುಹೋದಳು.

ಊರು ಗುತ್ತೇದಾರನನ್ನು ಬೈಯಲಿಲ್ಲ. ಮಾಸ್ತರರ ಬಾಯಿಂದಲೇ ಹೀಗಾಯಿತು ಎಂದಿತು. ಯಾರೋ ಬರಣಿ ಒಡೆದರು. ಕಾಕಿಯ ಗಂಡ ತರಗತಿಯ ಬಾಗಿಲಿಗೆ ಬಂದು ನಿಂತ. ದನಿ ಏರಿಸಲಿಲ್ಲ.

"ನಿಮಗ ಮೊದಲೇ ಹ್ಯಾಂಗ ಗೊತ್ತಿತ್ರಿ?"

ಮಾಸ್ತರು ನೆಲಕ್ಕೆ ಬಾಗಿ ಬರಣಿಯ ಚೂರುಗಳನ್ನು ಆಯತೊಡಗಿದರು.

ಅವರನ್ನು ನಾರಾಯಣಖೇಡಕ್ಕೆ ವರ್ಗ ಮಾಡಿದರು. ಬಸ್ಸಿನ ಹತ್ತಿರ ಬಂದವಳು ಅವ್ವ ಒಬ್ಬಳೇ. ರೊಟ್ಟಿಯ ಗಂಟು ಕೊಟ್ಟಳು. "ನಾ ಉಳದೀನ್ರಿ," ಎಂದಳು. ಅವರು ಗಂಟು ಹಿಡಿದು ಬಸ್ಸು ಹತ್ತಿದರು.

ಅವ್ವ ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಮುಪ್ಪಿನಲ್ಲಿ ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದಳು. ಅದನ್ನು ಹೇಳಬೇಕೆಂದು ನಾರಾಯಣಖೇಡಕ್ಕೆ ಹೋಗಿದ್ದೆ. ಶಾಲೆಯಲ್ಲಿ, ಸಂತೆಯಲ್ಲಿ ಕೇಳಿದೆ. ಅಂಥವರೊಬ್ಬರು ಇದ್ದರೆಂಬುದೇ ಅಲ್ಲಿ ಯಾರಿಗೂ ನೆನಪಿಲ್ಲ...